ಸೀಟು ಹಂಚಿಕೆ ಬರುವ ತನಕ

"ಏನಾತು, ಸೀಟ್ ಬಂತೇನು?" ಸಿಇಟಿ ಸೀಟು ಹಂಚಿಕೆಯ ವಾರ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರಿಗೆ ಈ ಪ್ರಶ್ನೆ ದಿನಕ್ಕೆ ಹತ್ತು ಸಲ ಎದುರಾಗುತ್ತದೆ. ಊಟ ಸೇರುವುದಿಲ್ಲ, ನಡುರಾತ್ರಿ ಎಚ್ಚರವಾಗುತ್ತದೆ, ಹೊಟ್ಟೆಯಲ್ಲಿ ತಳಮಳ. ಮನೆಯವರು "ಇಷ್ಟ್ಯಾಕ ಚಿಂತಿ ಮಾಡ್ತಿ" ಅನ್ನುತ್ತಾರೆ. ಆ ಚಿಂತೆಗೆ ಮೈಯೊಳಗೆ ಗಟ್ಟಿ ಕಾರಣವಿದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 45 ಜನ ಕಂಪ್ಯೂಟರ್ ಆಟವೊಂದನ್ನು ಆಡಿದರು. ಪರದೆಯ ಮೇಲಿನ ಕಲ್ಲಿನ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ಸಣ್ಣ ಶಾಕ್. ಬೆವರನ್ನೂ ಕಣ್ಣಿನ ಪಾಪೆಯ ಅಗಲವನ್ನೂ ಅಳೆದಾಗ, ಒತ್ತಡ ಅತಿ ಹೆಚ್ಚಾಗಿದ್ದದ್ದು ಶಾಕ್ ಬರುವ ಸಾಧ್ಯತೆ ಶೇ. 50 ಇದ್ದಾಗ. ಶಾಕ್ ಖಂಡಿತ ಬರುತ್ತದೆ ಎಂದು ಗೊತ್ತಿದ್ದಾಗಲೂ ಮೈ ಅಷ್ಟು ಕಂಗಾಲಾಗಿರಲಿಲ್ಲ.

ಇದನ್ನು ಕಟ್ ಆಫ್‌ಗೆ ಹೊಂದಿಸಿ ನೋಡಿ. ಲೆಕ್ಕಕ್ಕೆಂದು ಒಂದು ಕಾಲೇಜಿನ ಒಂದು ಕೋರ್ಸಿಗೆ ಹಿಂದಿನ ವರ್ಷದ ಕೊನೆಯ ರ‍್ಯಾಂಕ್ 30,000 ಎಂದಿಟ್ಟುಕೊಳ್ಳೋಣ. 12,000 ರ‍್ಯಾಂಕಿನವನು ನಿದ್ದೆ ಮಾಡುತ್ತಾನೆ. 90,000ದವಳು ಆಸೆ ಬಿಟ್ಟು ಬೇರೆ ದಾರಿ ಹುಡುಕಿರುತ್ತಾಳೆ. ನಿದ್ದೆಗೆಡುವವರು 29,000ಕ್ಕೂ 31,000ಕ್ಕೂ ನಡುವೆ ಇರುವವರು. ನಡುವಿನಲ್ಲಿ ಇರುವ ಮಗನಿಗೆ "ಆ ಹುಡುಗ್ ನೋಡು, ಎಷ್ಟ್ ಆರಾಮ ಅದಾನ" ಎಂದು ಹೋಲಿಸಿ ಹೇಳುವುದು ಅನ್ಯಾಯ.

ಇನ್ನೊಂದು ತಪ್ಪು ಹೋಲಿಕೆ ನಮ್ಮ ಗಡಿಯಲ್ಲೇ ನಡೆಯುತ್ತದೆ. ಭೀಮಾ ನದಿ ದಾಟಿದರೆ ಅಫಜಲಪುರ, ಅದು ಕಲ್ಯಾಣ ಕರ್ನಾಟಕ. ಸಂವಿಧಾನದ 371(ಜೆ) ವಿಧಿಯ ಪ್ರಾದೇಶಿಕ ಮೀಸಲಾತಿ ಅಲ್ಲಿಯವರಿಗೆ ಇದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಗೆ ಇಲ್ಲ. ಹಾಗಾಗಿ ಆಚೆ ದಂಡೆಯ ಸೋದರಮಾವನ ಮಗನಿಗೆ ಎಷ್ಟನೇ ರ‍್ಯಾಂಕಿಗೆ ಸೀಟು ಸಿಕ್ಕಿತು ಎಂಬುದರಿಂದ ನಿಮ್ಮ ಲೆಕ್ಕ ಹಾಕಬೇಡಿ. ನಿಮ್ಮ ಪ್ರವರ್ಗ, ಗ್ರಾಮೀಣ ಇಲ್ಲವೇ ಕನ್ನಡ ಮಾಧ್ಯಮದ ಅರ್ಹತೆ, ಇವುಗಳ ಸಾಲಿನಲ್ಲಿರುವ ಕಟ್ ಆಫ್ ಮಾತ್ರ ನಿಮ್ಮದು.

ಈಗ ಆ ಕಡೆ ಕಂಪ್ಯೂಟರ್ ಏನು ಮಾಡುತ್ತದೆ ಎಂಬುದು. ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಭಯ ಇಳಿಯುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ಸಿಇಟಿ ಅಂಕ, ಅರ್ಧ ಪಾಲು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ. ಹಂಚಿಕೆ ನಡೆಯುವುದು ಆ ರ‍್ಯಾಂಕಿನ ಸಾಲಿನಲ್ಲಿ. ಒಬ್ಬ ಹುಡುಗಿಯ ಆಪ್ಷನ್ ಪಟ್ಟಿ ಹೀಗಿದೆ ಅನ್ನಿ: ಮೊದಲು ಬೆಳಗಾವಿಯ ಗೋಗಟೆಯಲ್ಲಿ ಕಂಪ್ಯೂಟರ್ ಸೈನ್ಸ್, ಆಮೇಲೆ ಬಾಗಲಕೋಟೆಯ ಬಸವೇಶ್ವರದಲ್ಲಿ ಅದೇ ಕೋರ್ಸು, ಮೂರನೆಯದು ಬಸವೇಶ್ವರದಲ್ಲೇ ಎಲೆಕ್ಟ್ರಾನಿಕ್ಸ್, ನಾಲ್ಕನೆಯದು ವಿಜಯಪುರದ ಹಳಕಟ್ಟಿ ಕಾಲೇಜು. ಅವಳ ಸರದಿ ಬಂದಾಗ ಮೊದಲನೆಯದು ತುಂಬಿದೆ. ಎರಡನೆಯದೂ ತುಂಬಿದೆ. ಮೂರನೆಯದರಲ್ಲಿ ಒಂದು ಸೀಟು ಉಳಿದಿದೆ, ಅದು ಅವಳಿಗೆ. ಇಷ್ಟಾದ ಮೇಲೆಯೇ ಕಂಪ್ಯೂಟರ್ ಅವಳ ಹಿಂದಿನ ರ‍್ಯಾಂಕಿನವರ ಪಟ್ಟಿ ತೆರೆಯುತ್ತದೆ.

"ಸಿಗದ ಕಾಲೇಜನ್ನ ಮೊದಲು ಹಾಕಿದ್ರ ಸಿಗೋದೂ ಹೋಗ್ತದ" ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಇದು ಸುಳ್ಳು, ಮತ್ತು ಪ್ರತಿ ವರ್ಷ ಒಳ್ಳೆಯ ಸೀಟು ಕೈತಪ್ಪಿಸುವ ಸುಳ್ಳು. ಗೋಗಟೆಯನ್ನು ಮೇಲೆ ಬರೆದದ್ದರಿಂದ ಆ ಹುಡುಗಿ ಕಳೆದುಕೊಂಡದ್ದು ಏನೂ ಇಲ್ಲ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಬರೆದ ಕಾಲೇಜು ಪ್ರವೇಶದ ಲೇಖನದಿಂದ ಬೆಳೆದ ಗಣಿತ ಇದನ್ನೇ ಹೇಳುತ್ತದೆ: ಇಂಥ ಹಂಚಿಕೆಯಲ್ಲಿ ನಿಜವಾದ ಇಷ್ಟದ ಕ್ರಮದಲ್ಲಿ ಬರೆಯುವುದಕ್ಕಿಂತ ಲಾಭದ ಉಪಾಯ ಬೇರೆ ಇಲ್ಲ. ಆ ಕ್ಷೇತ್ರದ ಕೆಲಸಕ್ಕೆ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಬಂತು.

ಎಡವಟ್ಟು ಆಗುವುದು ಬೇರೆ ಕಡೆ. ಕೋರ್ಸಿನ ಕೋಡ್ ತಪ್ಪಾಗಿ ಒತ್ತುವುದು. ನಾಲ್ಕೈದೇ ಆಪ್ಷನ್ ಹಾಕಿ ನಿಲ್ಲಿಸುವುದು. ಅವೆಲ್ಲ ತುಂಬಿದ್ದರೆ ಆ ಸುತ್ತಿನಲ್ಲಿ ಸೀಟೇ ಇಲ್ಲ. ಹೋಗಲು ಮನಸ್ಸಿಲ್ಲದ ದೂರದ ಕಾಲೇಜನ್ನು ಹೆಸರಿಗಾಗಿ ಮೇಲೆ ಕೂರಿಸುವುದು ಎಲ್ಲಕ್ಕಿಂತ ಅಪಾಯ. ಮೊದಲ ಸುತ್ತಿನ ಸೀಟು ಇಟ್ಟುಕೊಂಡು ಮೇಲಿನ ಆಪ್ಷನ್‌ಗೆ ಕಾಯುತ್ತೇನೆ ಎಂದು ಸೀಟು ಬಂದ ಮೇಲೆ ಕೇಳುವ ನಾಲ್ಕು ಚಾಯ್ಸ್‌ಗಳಲ್ಲಿ ಎರಡನೆಯದನ್ನು ಒತ್ತಿದರೆ, ಮುಂದಿನ ಸುತ್ತಿನಲ್ಲಿ ಆ ದೂರದ ಕಾಲೇಜು ಬಂದ ಕೂಡಲೇ ಕೈಯಲ್ಲಿದ್ದ ಸೀಟು ತಾನಾಗಿ ರದ್ದಾಗುತ್ತದೆ. ಮರಳಿ ಕೇಳಿದರೆ ಸಿಗುವುದಿಲ್ಲ. ನಿಜವಾದ ಹಂಚಿಕೆಗೆ ಮೊದಲು ನಡೆಯುವ ಅಣಕು ಹಂಚಿಕೆ ಇರುವುದೇ ಇವನ್ನು ತಿದ್ದಿಕೊಳ್ಳಲು. ಅದರಲ್ಲಿ ಕಂಡ ಸೀಟು ನಿಮ್ಮದಲ್ಲ, ಏಕೆಂದರೆ ಆಮೇಲೆ ಎಲ್ಲರೂ ತಮ್ಮ ಪಟ್ಟಿ ಬದಲಿಸುತ್ತಾರೆ.

ಪಟ್ಟಿ ಲಾಕ್ ಆಯಿತು. ಇನ್ನು ಕಾಯುವುದೇ ಕೆಲಸ, ಕೈ ಮೊಬೈಲಿಗೆ ಹೋಗುತ್ತದೆ. ಯಾವಾಗ ಫಲ ಸಿಗುತ್ತದೆ ಎಂದು ತಿಳಿಯದಿದ್ದಾಗ ಪಾರಿವಾಳಗಳು ಒಂದೇ ಸಮ ಗುಂಡಿ ಕುಕ್ಕುತ್ತಲೇ ಇರುತ್ತವೆ ಎಂದು ಮನಶ್ಶಾಸ್ತ್ರಜ್ಞ ಸ್ಕಿನ್ನರ್ ತೋರಿಸಿದ್ದರು. ರಿಫ್ರೆಶ್ ಒತ್ತುವ ಬೆರಳೂ ಹಾಗೆಯೇ. ಇದರಿಂದ ಸರ್ವರ್ ಕೂಡ ನರಳುತ್ತದೆ. ಸಾಲಿನ ಗಣಿತದ ಅತಿ ಸರಳ ಮಾದರಿಯಲ್ಲಿ, ಯಂತ್ರದ ಮೇಲೆ ಶೇ. 50 ಹೊರೆ ಇದ್ದಾಗ ಸರಾಸರಿ ಒಂದು ಕೋರಿಕೆ ಅದರ ಬಳಿ ಇರುತ್ತದೆ. ಶೇ. 90 ಆದರೆ 9, ಶೇ. 99 ಆದರೆ 99. ಕೊನೆಯ ಸ್ವಲ್ಪ ಹೊರೆಯೇ ಎಲ್ಲವನ್ನೂ ಕಟ್ಟಿಹಾಕುತ್ತದೆ. ಪುಟ ತೆರೆಯದಿದ್ದರೆ ಅರ್ಧ ಗಂಟೆ ಬಿಟ್ಟು ನೋಡಿ. ಸೀಟು ಮೊದಲು ನೋಡಿದವರಿಗೆ ಸಿಗುವಂಥದ್ದಲ್ಲ, ಅದಾಗಲೇ ತೀರ್ಮಾನವಾಗಿದೆ. ಮನೆಯಲ್ಲಿ ಒಬ್ಬರೇ, ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿಕೊಂಡು ನೋಡಿದರೆ ಸಾಕು.

ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ, ವಕೀಲಿ ಪರೀಕ್ಷೆ ಬರೆದು ನಾಲ್ಕು ತಿಂಗಳು ಫಲಿತಾಂಶ ಕಾಯುವವರನ್ನು ಗಮನಿಸಿದ್ದಾರೆ. ಆತಂಕ ಶುರುವಿನಲ್ಲಿ ಹೆಚ್ಚು, ನಡುವೆ ಇಳಿದು, ಕೊನೆಯ ದಿನಗಳಲ್ಲಿ ಮತ್ತೆ ಏರುತ್ತದೆ. ಚಿಂತೆಯನ್ನು ಅದುಮಲು ಹೂಡಿದ ಉಪಾಯಗಳಿಂದ ಹೆಚ್ಚೇನೂ ಆಗಲಿಲ್ಲ. ಕೊಂಚ ಚಿಂತಿಸಿ, ಸಿಗದಿದ್ದರೆ ಏನು ಎಂದು ಮೊದಲೇ ಯೋಚಿಸಿದವರು ಕೆಟ್ಟ ಸುದ್ದಿಯನ್ನು ಚೆನ್ನಾಗಿ ತಾಳಿಕೊಂಡರು. ಮುಂದಿನ ಅಧ್ಯಯನಗಳಲ್ಲಿ ನಿಜವಾಗಿ ಹಗುರ ಮಾಡಿದ್ದು ಪೂರ್ತಿ ಮುಳುಗಿಸಿಕೊಳ್ಳುವ ಕೆಲಸ: ತೀರ ಸುಲಭವಲ್ಲದ್ದು, ತೀರ ಕಷ್ಟವೂ ಅಲ್ಲದ್ದು, ಸರಿ ತಪ್ಪು ಕೂಡಲೇ ಗೊತ್ತಾಗುವಂಥದ್ದು. ಟಿವಿ ಇದಕ್ಕೆ ಆಗುವುದಿಲ್ಲ. ಜೋಳದ ರೊಟ್ಟಿ ಬಡಿಯುವುದು ಆಗುತ್ತದೆ. ಜೋಳದಲ್ಲಿ ಗೋಧಿಯಂಥ ಜಿಗಿಯ ಗ್ಲುಟೆನ್ ಇಲ್ಲ. ನೀರು ಕುದ್ದಿರದಿದ್ದರೆ, ನಾದಿದ್ದು ಸಾಲದಿದ್ದರೆ ಅಂಚು ಸೀಳುತ್ತದೆ. ಮನಸ್ಸು ಸೀಟಿನ ಕಡೆ ಹೋದರೆ ರೊಟ್ಟಿ ಹರಿಯುತ್ತದೆ. ಹುಡುಗರೂ ಕಲಿಯಲಿ.

ಹಂಚಿಕೆಯ ಪಟ್ಟಿ ಬಂದ ಕ್ಷಣ ಅಡ್ರಿನಲಿನ್ ಏರುತ್ತದೆ, ಅದರ ಹಿಂದೆ ಕಾರ್ಟಿಸೋಲ್. ಇದು ಅತಿ ಹೆಚ್ಚಾಗುವುದು 20ರಿಂದ 30 ನಿಮಿಷಕ್ಕೆ, ಇಳಿಯಲು ಗಂಟೆಗೂ ಮೇಲೆ ಬೇಕು. ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಲು ಅದು ತಕ್ಕ ಹೊತ್ತಲ್ಲ. ಮೊದಲು ಕೊನೆಯ ದಿನಾಂಕ, ಹೊತ್ತು, ಕಟ್ಟಬೇಕಾದ ಶುಲ್ಕ ಬರೆದುಕೊಳ್ಳಿ. ಉಸಿರು ನಿಮಿಷಕ್ಕೆ ಆರರಂತೆ ಐದು ನಿಮಿಷ ಎಳೆದು ಬಿಡಿ. ಊಟ ಮಾಡಿ. ಆಮೇಲೆ ಅಪ್ಪ ಅವ್ವನ ಜೊತೆ ಕೂತು ಉಳಿದಿರುವ ಮೇಲಿನ ಆಪ್ಷನ್‌ಗಳನ್ನು ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ "ಬಂದ್ರ ಹೋಗ್ತೀನೇನು?" ಎಂದು ಕೇಳಿಕೊಂಡು, ಒತ್ತಿ.