ಮಂಡಗದ್ದೆಯ ಬೈಗು ಮತ್ತು ಕದಲದ ಕ್ಯಾಮೆರಾ

ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಸಾಗಿದರೆ ಸಿಗುವ ಮಂಡಗದ್ದೆಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಆಗಸ್ಟ್ ತಿಂಗಳಲ್ಲಿ ಮಳೆ ಹೊಳವಾಗಿದ್ದ ಒಂದು ಸಂಜೆ ದಡದಲ್ಲಿ ಟ್ರೈಪಾಡ್ ಊರಿ, ಹಕ್ಕಿಗಳು ಮರಳುವುದನ್ನೂ ಕತ್ತಲಾಗುವುದನ್ನೂ ಒಂದೇ ಶಾಟ್‌ನಲ್ಲಿ ಹಿಡಿಯಲು ಕುಳಿತೆ. ಮನೆಗೆ ಬಂದು ನೋಡಿದರೆ ಹಕ್ಕಿಗಳೇನೋ ಮರಳಿದ್ದವು, ಕತ್ತಲು ಮಾತ್ರ ಆಗಿರಲಿಲ್ಲ. ಏಳು ಗಂಟೆಯ ಹೊಳೆಯೂ ಆರೂವರೆಯ ಹೊಳೆಯಷ್ಟೇ ಬೆಳಗಿತ್ತು.

ತಪ್ಪು ನನ್ನದೇ. ಬೆಳಕಿನ ಹೊಂದಾಣಿಕೆಯನ್ನು ಕ್ಯಾಮೆರಾಕ್ಕೇ ಬಿಟ್ಟಿದ್ದೆ. ಬೆಳಕು ಇಳಿದಷ್ಟೂ ಅದು ತನ್ನ ಸಂವೇದನೆಯನ್ನು ಏರಿಸಿಕೊಳ್ಳುತ್ತ, ನಾನು ಚಿತ್ರಿಸಲು ಹೋಗಿದ್ದ ವಿಷಯವನ್ನೇ ಅಳಿಸಿಹಾಕಿತ್ತು. ನಮ್ಮ ಕಣ್ಣು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ನಡುಮಧ್ಯಾಹ್ನದ ಬಿಸಿಲು ಬೆಳಕಿನ ಅಳತೆಯಾದ ಲಕ್ಸ್‌ನಲ್ಲಿ ಸುಮಾರು ಒಂದು ಲಕ್ಷ ಇದ್ದರೆ, ಮೋಡವಿಲ್ಲದ ದಿನ ಸೂರ್ಯ ಮುಳುಗುವ ಹೊತ್ತಿಗೆ ಅದು ಸುಮಾರು 400ಕ್ಕೆ, ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವ ಹೊತ್ತಿಗೆ ಸುಮಾರು 3ಕ್ಕೆ ಇಳಿದಿರುತ್ತದೆ. ಈ ಕೊನೆಯ ಇಳಿತಕ್ಕೆ ನಮ್ಮ ಅಕ್ಷಾಂಶದಲ್ಲಿ ಬೇಕಾಗುವುದು 22 ನಿಮಿಷದ ಆಸುಪಾಸು. ಅಷ್ಟರಲ್ಲಿ ಬೆಳಕು ನೂರು ಪಾಲಿಗಿಂತ ಹೆಚ್ಚು ಕುಗ್ಗಿದರೂ, ಪಾಪೆ ಹಿಗ್ಗುವುದರಿಂದಲೂ ಅಕ್ಷಿಪಟಲ ಹೊಂದಿಕೊಳ್ಳುವುದರಿಂದಲೂ ಜಗಲಿಯಲ್ಲಿ ಕುಳಿತವರಿಗೆ ಅದರ ಅಂದಾಜು ಸಿಗುವುದಿಲ್ಲ. ಯಾರೋ ದೀಪ ಹಾಕಿದ ಮೇಲಷ್ಟೇ ಕತ್ತಲಾಗಿದೆ ಎಂಬುದು ಗೊತ್ತಾಗುತ್ತದೆ.

ಮರುಸಂಜೆ ಫೋಕಸ್, ಬೆಳಕು, ಬಣ್ಣ ಮೂರನ್ನೂ ಕೈಯಿಂದ ನಿಗದಿಮಾಡಿ ಅದೇ ಜಾಗದಲ್ಲಿ ಕುಳಿತೆ. ಬೆಳಕು ಅರ್ಧಕ್ಕಿಳಿಯುವ ಒಂದೊಂದು ಮೆಟ್ಟಿಲನ್ನು ಛಾಯಾಗ್ರಾಹಕರು ಒಂದು ಸ್ಟಾಪ್ ಎನ್ನುತ್ತಾರೆ. 400ರಿಂದ 3ಕ್ಕೆ ಇಳಿಯುವುದೆಂದರೆ ಏಳು ಸ್ಟಾಪ್, ಇಂದಿನ ಒಳ್ಳೆಯ ಕ್ಯಾಮೆರಾ ಒಮ್ಮೆಗೇ ಹಿಡಿಯಬಲ್ಲ ಬೆಳಕಿನ ಹರವಿನೊಳಗೆ ಇದು ಹಿಡಿಸುತ್ತದೆ. ಈ ಸಲ ಕತ್ತಲು ನಿಜವಾಗಿಯೂ ಇಳಿಯಿತು. ಕದಲದ ಶಾಟ್ ಎಂದರೆ ಅಲುಗದ ಟ್ರೈಪಾಡ್ ಅಷ್ಟೇ ಎಂದುಕೊಂಡಿದ್ದ ನನಗೆ, ಕ್ಯಾಮೆರಾದ ಒಳಗೂ ಏನೂ ಕದಲಬಾರದು ಎಂಬುದು ಆಗ ಅರ್ಥವಾಯಿತು. ಆಗಲೇ ಆ ಶಾಟ್ ಬೆಳಕಿನ ಅಳತೆಗೋಲಾಗುವುದು.

ಈ ಬಗೆಯ ಚಿತ್ರಗಳಲ್ಲಿ ಹೆಸರಾದವರು ಅಮೆರಿಕದ ಚಲನಚಿತ್ರ ನಿರ್ದೇಶಕ ಜೇಮ್ಸ್ ಬೆನ್ನಿಂಗ್. 2004ರ ‘13 ಲೇಕ್ಸ್’ನಲ್ಲಿ ಹದಿಮೂರು ಸರೋವರಗಳಿವೆ, ಪ್ರತಿಯೊಂದಕ್ಕೂ ಹತ್ತು ನಿಮಿಷದ ಒಂದೇ ಶಾಟ್, ಅರ್ಧ ನೀರು, ಅರ್ಧ ಆಕಾಶ. ಈ ಹತ್ತು ನಿಮಿಷದ ಹಿಂದೆ ಕಲೆಯ ದರ್ಶನಕ್ಕಿಂತ ಮೊದಲು ಒಂದು ಫಿಲ್ಮ್ ಡಬ್ಬಿಯಿದೆ ಎಂದು ನನಗನ್ನಿಸುತ್ತದೆ: 400 ಅಡಿಯ 16 ಮಿಲಿಮೀಟರ್ ರೀಲು ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿದರೆ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ, 2011ರಲ್ಲಿ, ಅವರು ಕಾಡಿನ ಒಂದು ಮುಸ್ಸಂಜೆಯನ್ನು 98 ನಿಮಿಷದ ಒಂದೇ ಶಾಟ್‌ನಲ್ಲಿ ತೆಗೆದರು.

ಇಷ್ಟು ಹೊತ್ತು ನೋಡುವವರ ಕಣ್ಣು ಏನು ಮಾಡುತ್ತಿರುತ್ತದೆ? ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ನೆಗೆಯುತ್ತದೆ. ಸಾಮಾನ್ಯ ಸಿನಿಮಾದಲ್ಲಿ ಶಾಟ್ ಬದಲಾದೊಡನೆ ಪ್ರೇಕ್ಷಕರ ನೋಟ ಪರದೆಯ ನಡುವಿಗೆ ಸೇರಿಕೊಳ್ಳುವುದನ್ನು ನೋಟದ ಜಾಡು ಹಿಡಿಯುವ ಪ್ರಯೋಗಗಳು ತೋರಿಸಿವೆ. ಕತ್ತರಿಯೇ ಬೀಳದಿದ್ದರೆ ನೋಟ ಅಂಚುಗಳಿಗೆ ಅಲೆಯುತ್ತದೆ. ಮಂಡಗದ್ದೆಯ ಶಾಟ್‌ನಲ್ಲಿ ಎಡಮೂಲೆಯ ಕೊಂಬೆಯ ಮೇಲೆ ರೆಕ್ಕೆ ಹರಡಿ ಕುಳಿತಿದ್ದ ನೀರುಕಾಗೆ ನನಗೆ ಕಂಡದ್ದು ಮೂರನೆಯ ಸಲ ನೋಡಿದಾಗ. ಆದರೆ ನಿಧಾನದ ಬದಲಾವಣೆಯ ಮಟ್ಟಿಗೆ ನಾವು ಅಲ್ಲಿಯೂ ಕುರುಡರೇ. 2000ದಲ್ಲಿ ಮನೋವಿಜ್ಞಾನಿ ಡೇನಿಯಲ್ ಸೈಮನ್ಸ್ ಮತ್ತು ಸಂಗಡಿಗರು, ಚಿತ್ರದ ಒಂದು ಭಾಗವನ್ನು 12 ಸೆಕೆಂಡುಗಳಲ್ಲಿ ಮೆಲ್ಲನೆ ಬದಲಿಸಿದರೆ, ಬದಲಾವಣೆಗಾಗಿ ಹುಡುಕುತ್ತಿದ್ದವರೂ ಅದನ್ನು ಎಷ್ಟೋ ಸಲ ಕಾಣದೇ ಹೋಗುವುದನ್ನು ತೋರಿಸಿದರು. ಕತ್ತಲಿಳಿಯುವುದನ್ನು ನಾನೂ ‘ನೋಡಲಿಲ್ಲ’; ಚೌಕಟ್ಟು ಇದ್ದಲ್ಲೇ ಇದ್ದುದರಿಂದ, ಆ ಮರದ ಹಿಂದೆ ಆಗ ಆಕಾಶವಿತ್ತಲ್ಲ ಎಂದು ನೆನಪಿನೊಡನೆ ಹೋಲಿಸಿ ತಿಳಿದುಕೊಂಡೆ.

ಎಲ್ಲ ಕದಲದ ಶಾಟ್‌ಗಳೂ ಇಷ್ಟು ಪ್ರಾಮಾಣಿಕವೆಂದೇನಿಲ್ಲ. ಇರಾನಿನ ಅಬ್ಬಾಸ್ ಕಿಯಾರೊಸ್ತಮಿಯವರ 2003ರ ‘ಫೈವ್’ ಚಿತ್ರದ ಕೊನೆಯ ಭಾಗದಲ್ಲಿ ಕೊಳದೊಳಗಿನ ಚಂದ್ರಬಿಂಬ, ಕಪ್ಪೆಗಳ ವಟಗುಟ್ಟುವಿಕೆ, ಮಳೆ ಎಲ್ಲ ಒಂದೇ ರಾತ್ರಿಯಂತೆ ಹರಿಯುತ್ತವೆ. ಅದು ಬೇರೆ ಬೇರೆ ದಿನ ತೆಗೆದ ಹಲವು ಶಾಟ್‌ಗಳ ಹೆಣಿಗೆ. ಕಲೆಯಾಗಿ ಅದಕ್ಕೆ ನನ್ನ ತಕರಾರಿಲ್ಲ, ಅಳತೆಗೋಲಾಗಿ ಮಾತ್ರ ಅದನ್ನು ಒಪ್ಪಲಾರೆ.

ನನ್ನ ಎರಡನೆಯ ಸಂಜೆಯ ಶಾಟ್‌ನಲ್ಲಿ ಹದಿನೇಳನೆಯ ನಿಮಿಷಕ್ಕೆ ಲೆನ್ಸಿನ ಮೇಲೊಂದು ಹನಿ ಬಿತ್ತು. ಒರೆಸಲು ಹೋದರೆ ಕ್ಯಾಮೆರಾ ಅಲುಗುತ್ತದೆಂದು ಸುಮ್ಮನಿದ್ದೆ. ಆ ಮಸುಕಿನ ಪಕ್ಕದಲ್ಲೇ ನಡುಗಡ್ಡೆಯ ಹಸಿರು, ನೀರು, ಆಚೆ ದಡ ಒಂದಾಗಿ ಕಪ್ಪಾದವು. ಬೆಳ್ಳಕ್ಕಿಗಳು ಬಿಳಿ ಚುಕ್ಕೆಗಳಾಗಿ ಇನ್ನೂ ಸ್ವಲ್ಪ ಹೊತ್ತು ಉಳಿದವು. ಅವೂ ಮಾಯವಾದ ಮೇಲೆ ಬ್ಯಾಟರಿ ಮುಗಿಯುವವರೆಗೆ ಜೀರುಂಡೆಗಳ ಸದ್ದಷ್ಟೇ ದಾಖಲಾಗಿದೆ.