ಮೊತ್ತ ಎಷ್ಟು ಅಂತ ಹೇಳದೆ ಲೆಕ್ಕ ಬಿಡಿಸೋದು ಹೇಗೆ?

ಪ್ರಶ್ನೆ: ಮೂರು ಹೆಣ್ಣುಮಕ್ಕಳ ವಯಸ್ಸು ಗುಣಿಸಿದರೆ 36. ಕೂಡಿದರೆ ಎದುರು ಮನೆಯ ನಂಬರ್. ಆ ನಂಬರ್ ನೋಡಿ ಬಂದ ಗೆಳೆಯ ‘ಇಷ್ಟು ಸಾಲದು’ ಅಂದ. ‘ದೊಡ್ಡವಳಿಗೆ ಈಜು ಬರುತ್ತೆ’ ಅಂದಕೂಡಲೇ ಉತ್ತರ ಹೇಳಿಬಿಟ್ಟ. ನಮಗೆ ಮನೆ ನಂಬರೇ ಗೊತ್ತಿಲ್ಲವಲ್ಲ?

ಉತ್ತರ 9, 2, 2. ಇಷ್ಟು ಬರೆದು ಬಿಟ್ಟರೆ ಮತ್ತೆ ಅದೇ ತಕರಾರು ಬರುತ್ತೆ: ‘ಮೊತ್ತ ಕೊಟ್ಟಿಲ್ಲ, ಪ್ರಶ್ನೆಯೇ ತಪ್ಪು.’ ತಪ್ಪಲ್ಲ ಸ್ವಾಮಿ. ಹೀಗನ್ನುವವರು ಪೆನ್ನು ಹಿಡಿದೇ ಇರುವುದಿಲ್ಲ.

ಹಿಡಿಯಿರಿ. ಗುಣಿಸಿದರೆ 36 ಬರುವ ಜೋಡಣೆಗಳು ಎಂಟೇ ಎಂಟು. 1, 1, 36 ಕೂಡಿದರೆ 38. 1, 2, 18ಕ್ಕೆ 21. 1, 3, 12ಕ್ಕೆ 16. 1, 4, 9ಕ್ಕೆ 14. 1, 6, 6ಕ್ಕೆ 13. 2, 2, 9ಕ್ಕೂ 13. 2, 3, 6ಕ್ಕೆ 11. 3, 3, 4ಕ್ಕೆ 10.

ನಂಬರ್ ಗೊತ್ತಿಲ್ಲದಿರುವುದು ನಿಮಗೆ. ಗೆಳೆಯ ಕಣ್ಣಾರೆ ನೋಡಿ ಬಂದಿದ್ದಾನೆ. ಅದು 21 ಆಗಿದ್ದರೆ ಅಲ್ಲೇ ಉತ್ತರ ಹೇಳುತ್ತಿದ್ದ. 16, 11, ಯಾವುದಾಗಿದ್ದರೂ ಅಷ್ಟೇ. ಅವನು ತಡವರಿಸಬೇಕಾದರೆ ನಂಬರ್ 13 ಆಗಿರಲೇಬೇಕು, ಎರಡು ಸಲ ಬಂದಿರುವುದು ಅದೊಂದೇ. ‘ಸಾಲದು’ ಅನ್ನುವ ಮಾತನ್ನು ನೀವು ಸುಮ್ನೆ ದಾಟಿಕೊಂಡು ಹೋಗುತ್ತೀರಿ. ಮನೆ ನಂಬರ್ ಹೇಳಿಕೊಟ್ಟಿದ್ದೇ ಆ ಮಾತು!

ಇನ್ನು ಈಜು ಬರಲಿ, ಬಿಡಲಿ. ‘ದೊಡ್ಡವಳು’ ಅಂದರೆ ಒಬ್ಬಳೇ ಅಲ್ವಾ? 6, 6 ಹೋಯಿತು. ಅವಳಿಗಳಲ್ಲೂ ಒಬ್ಬಳು ಐದು ನಿಮಿಷಕ್ಕೆ ದೊಡ್ಡವಳು ಅನ್ನುವವರಿಗೆ: ಇಲ್ಲಿ ವಯಸ್ಸು ತುಂಬಿದ ವರ್ಷಗಳ ಲೆಕ್ಕ, ನಿಮಿಷದ್ದಲ್ಲ.

ಯಾರೂ ಕೇಳದ ಪ್ರಶ್ನೆಯೇ ನನಗೆ ಜಾಸ್ತಿ ಇಷ್ಟ: 36 ಯಾಕೆ? 24 ಇಟ್ಟು ನೋಡಿ. ಮೊತ್ತಗಳು 26, 15, 12, 11, 10, 9. ಒಂದೂ ಮರುಕಳಿಸಲ್ಲ, ಗೆಳೆಯ ತಡವರಿಸುವುದೇ ಇಲ್ಲ, ಒಗಟೇ ಇಲ್ಲ. ಒಂದೇ ಮೊತ್ತ ಎರಡು ಸಲ ಸಿಗುವ ಅತಿ ಚಿಕ್ಕ ಸಂಖ್ಯೆ 36. ಆಮೇಲೆ 40 ಇದೆ. ಅಲ್ಲಿ 1, 5, 8 ಮತ್ತು 2, 2, 10 ಎರಡಕ್ಕೂ 14. ಆದರೆ ಎರಡರಲ್ಲೂ ದೊಡ್ಡವಳು ಒಬ್ಬಳೇ, ಹಾಗಾಗಿ ಈಜಿನ ಸುಳಿವು ಕೆಲಸಕ್ಕೆ ಬಾರದು. 40 ಇಟ್ಟು ಒಗಟು ಹೇಳುವುದಾದರೆ ಈಜು ಕಲಿತವಳು ಚಿಕ್ಕವಳಾಗಬೇಕು. ಆಗ ಅವಳ ವಯಸ್ಸು ಒಂದು!