ಪರ್ಮಿಷನ್ಡ್ ಬ್ಲಾಕ್‌ಚೈನ್: ಅನುಮತಿ ಯಾವುದಕ್ಕೆ?

ಬಿಸಿನೆಸ್‌ಗೆ ಯಾವ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳು ಸೇರಿ ಇಟ್ಟುಕೊಳ್ಳುವ ದಾಖಲೆ) ಒಳ್ಳೆಯದು ಎಂದು ಹೋಲಿಸುವ ಇನ್ನೊಂದು ಪಟ್ಟಿ ಮೊನ್ನೆ ಕಣ್ಣಿಗೆ ಬಿತ್ತು. ‘ಪ್ರೈವೇಟ್/ಪರ್ಮಿಷನ್ಡ್’ ಅಂತ ಒಂದೇ ಕಾಲಂ. ಫ್ಯಾಬ್ರಿಕ್, ಕೋರ್ಡಾ, ಕೋರಂ ಎಂಬ ಮೂರು ವೇದಿಕೆಗಳ ಮುಂದೆಯೂ ಟಿಕ್. ಕೆಳಗೆ ಒಂದು ಸಾಲು: ‘ಪರ್ಮಿಷನ್ಡ್ ಆದ್ದರಿಂದ ನಿಮ್ಮ ಮಾಹಿತಿ ಬೇರೆಯವರಿಗೆ ಕಾಣುವುದಿಲ್ಲ.’ ಈ ‘ಆದ್ದರಿಂದ’ ಎಲ್ಲಿಂದ ಬಂತೋ!

ಪರ್ಮಿಷನ್ಡ್ ಅಂದರೆ ಜಾಲದಲ್ಲಿ ನೋಡ್ (ಜಾಲದ ಒಂದೊಂದು ಕಂಪ್ಯೂಟರ್) ನಡೆಸುವವರು, ವ್ಯವಹಾರಗಳನ್ನು ದೃಢಪಡಿಸುವವರು ಯಾರು ಅನ್ನುವುದು ಮೊದಲೇ ಗೊತ್ತಿರುತ್ತದೆ, ಅಷ್ಟೇ. ಓದುವವರು ಯಾರು ಅನ್ನುವುದು ಬೇರೆಯೇ ಪ್ರಶ್ನೆ. ಡಿಜಿಟಲ್ ಗುರುತಿಗೆಂದು ಮಾಡಿದ ಹೈಪರ್‌ಲೆಡ್ಜರ್ ಇಂಡಿಯನ್ನೇ ನೋಡಿ. ಅದರ ಜಾಲಗಳಲ್ಲಿ ದೃಢಪಡಿಸುವ ನೋಡ್ ನಡೆಸಲು ಅನುಮತಿ ಬೇಕು, ಆದರೆ ಲೆಡ್ಜರನ್ನು (ವ್ಯವಹಾರಗಳ ಲೆಕ್ಕದ ಪುಸ್ತಕ) ಸಾಮಾನ್ಯವಾಗಿ ಯಾರು ಬೇಕಾದರೂ ಓದಬಹುದು. ಪರ್ಮಿಷನ್ಡ್ ಹೌದು, ಪ್ರೈವೇಟ್ ಅಲ್ಲ.

ಜನ ಜಾಸ್ತಿ ಎಡವುವುದು ಫ್ಯಾಬ್ರಿಕ್‌ನಲ್ಲಿ. ಒಬ್ಬ ತಯಾರಕ, ಇಬ್ಬರು ವಿತರಕರು ಒಂದೇ ಚಾನೆಲ್‌ನಲ್ಲಿ (ಜಾಲದೊಳಗೆ ಕೆಲವರಷ್ಟೇ ಹಂಚಿಕೊಳ್ಳುವ ಲೆಡ್ಜರ್) ಇದ್ದಾರೆ ಅಂದುಕೊಳ್ಳಿ. ತಯಾರಕ ಮೊದಲನೆಯವನಿಗೆ ಮಾತ್ರ ಕಡಿಮೆ ರೇಟು ಕೊಟ್ಟ. ಚಾನೆಲ್‌ಗೆ ಬರೆದದ್ದು ಅಲ್ಲಿನ ಪ್ರತಿ ಪಿಯರ್‌ಗೂ (ಲೆಡ್ಜರ್‌ನ ನಕಲು ಇಟ್ಟುಕೊಳ್ಳುವ ನೋಡ್) ಹೋಗುತ್ತದೆ. ಎರಡನೆಯವನು ಆ ರೇಟನ್ನು ತನ್ನ ಮೆಷಿನ್‌ನಲ್ಲೇ ಕೂತು ಓದಬಹುದು. ಇದಕ್ಕೆಂದೇ ‘ಪ್ರೈವೇಟ್ ಡೇಟಾ ಕಲೆಕ್ಷನ್’ ಇದೆ: ರೇಟು ಸಂಬಂಧಪಟ್ಟ ಇಬ್ಬರ ಪಿಯರ್‌ಗಳಲ್ಲಿ ಮಾತ್ರ, ಉಳಿದವರಿಗೆ ಬರೀ ಹ್ಯಾಷ್, ಅಂದರೆ ಆ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಗುರುತು.

ಇಲ್ಲಿಗೆ ಮುಗೀತು ಅಂದ್ಕೋಬೇಡಿ. ರೇಟನ್ನು ಚೈನ್‌ಕೋಡ್‌ಗೆ (ಫ್ಯಾಬ್ರಿಕ್‌ನಲ್ಲಿ ವ್ಯವಹಾರದ ನಿಯಮ ನಡೆಸುವ ಪ್ರೋಗ್ರಾಂ) ಮಾಮೂಲಿ ಆರ್ಗ್ಯುಮೆಂಟ್ ಆಗಿ ಕಳಿಸಿದರೆ ಅದು ಟ್ರಾನ್ಸಾಕ್ಷನ್ ಜೊತೆ ಬ್ಲಾಕ್‌ನೊಳಗೆ ಹೋಗಿ ಕೂರುತ್ತದೆ. ಬ್ಲಾಕ್‌ಗೆ ಸೇರದ ಟ್ರಾನ್ಸಿಯಂಟ್ ಫೀಲ್ಡ್‌ನಲ್ಲೇ ಕಳಿಸಬೇಕು. ಸರಿ, ಹಾಗೇ ಕಳಿಸಿದಿರಿ. ಒಳಗಿರುವುದು ಬರೀ ನಾಲ್ಕಂಕಿಯ ರೇಟಾದರೆ ಎರಡನೆಯ ವಿತರಕ 0ಯಿಂದ 9999ರವರೆಗೆ ಒಂದೊಂದಕ್ಕೂ ಹ್ಯಾಷ್ ತೆಗೆದು ತಾಳೆ ನೋಡಿದರೆ ಸಾಕು, ಕಂಪ್ಯೂಟರ್‌ಗೆ ಅದು ಕ್ಷಣದ ಕೆಲಸ. ಹಾಗಾಗದಿರಲಿ ಅಂತಲೇ ರೇಟಿನ ಜೊತೆ ಊಹೆಗೆ ಸಿಗದ ಒಂದು ‘ಸಾಲ್ಟ್’ (ಮನಬಂದಂತೆ ಆರಿಸಿದ ಉದ್ದ ಸಂಖ್ಯೆ) ಸೇರಿಸುವುದು. ಇಷ್ಟೆಲ್ಲ ಮಾಡಿದ ಮೇಲೂ ಏನೋ ವ್ಯವಹಾರ ನಡೆದಿದೆ, ಇಂಥ ಸಂಸ್ಥೆಯ ಸರ್ಟಿಫಿಕೇಟ್‌ನಿಂದ ಸಹಿಯಾಗಿದೆ ಅನ್ನುವುದು ಸಾಮಾನ್ಯವಾಗಿ ಚಾನೆಲ್‌ಗೆಲ್ಲ ಕಾಣುತ್ತದೆ. ಪಟ್ಟಿಯಲ್ಲಿ ಇದಕ್ಕೆ ಒಂದು ಟಿಕ್!

ಕೋರ್ಡಾದ ದಾರಿ ಬೇರೆ. 2016ರಲ್ಲಿ ಓಪನ್ ಸೋರ್ಸ್ ಆದ ಈ ವೇದಿಕೆಯಲ್ಲಿ ಎಲ್ಲರಿಗೂ ಹಂಚುವ ಲೆಡ್ಜರ್ ಅಂತ ಇಲ್ಲವೇ ಇಲ್ಲ. ವ್ಯವಹಾರ ಹೋಗುವುದು ಅದರಲ್ಲಿ ಪಾಲಿರುವವರಿಗೆ ಮಾತ್ರ. ಒಂದೇ ಆಸ್ತಿಯನ್ನು ಎರಡು ಸಲ ಖರ್ಚು ಮಾಡದಂತೆ ನೋಟರಿ ಎಂಬ ಸೇವೆ ನೋಡಿಕೊಳ್ಳುತ್ತದೆ. ಗುಟ್ಟಿನ ವಿಷಯದಲ್ಲಿ ನನ್ನ ಮತ ಇದಕ್ಕೇ. ಆದರೆ ಇಲ್ಲೂ ಒಂದು ತೊಡಕಿದೆ. ಆಸ್ತಿ ಕೈ ಬದಲಾದಾಗ ಹೊಸಬ ಅದರ ಹಿಂದಿನ ವ್ಯವಹಾರಗಳ ಸರಪಳಿಯನ್ನೂ ಪರಿಶೀಲಿಸಬೇಕು. ಹಾಗಾಗಿ ಹಳೆಯವರ ವಿವರ ಅವನ ಕೈಗೆ ಬರುತ್ತದೆ. ನೋಟರಿ ‘ವ್ಯಾಲಿಡೇಟಿಂಗ್’ (ವ್ಯವಹಾರವನ್ನೂ ಪರಿಶೀಲಿಸುವ) ಬಗೆಯದಾದರೆ ಅದಕ್ಕೂ ಇಡೀ ವ್ಯವಹಾರ ಕಾಣುತ್ತದೆ.

ಜೆಪಿ ಮೋರ್ಗನ್ ಬ್ಯಾಂಕ್ ಶುರು ಮಾಡಿ 2020ರಲ್ಲಿ ಕನ್ಸೆನ್‌ಸಿಸ್ ಕಂಪನಿಗೆ ಹೋದ ಕೋರಂ, ಇಥೀರಿಯಂ ಎಂಬ ಸಾರ್ವಜನಿಕ ಬ್ಲಾಕ್‌ಚೈನ್‌ನ ಸಾಫ್ಟ್‌ವೇರ್‌ನಿಂದಲೇ ಕವಲೊಡೆದದ್ದು. ಗುಟ್ಟಿನ ವ್ಯವಹಾರದ ಹ್ಯಾಷ್ ಎಲ್ಲರ ಬಳಿ, ತಿರುಳು ಪಾಲುದಾರರ ಬಳಿ. ಇನ್ನು ಬೆಸು ಎಂಬ ಸಾಫ್ಟ್‌ವೇರ್: ಇಥೀರಿಯಂನ ಸಾರ್ವಜನಿಕ ಜಾಲವನ್ನೂ ನಡೆಸುತ್ತದೆ, ನಾಲ್ಕು ಸಂಸ್ಥೆಗಳ ಮುಚ್ಚಿದ ಜಾಲವನ್ನೂ. ಪರ್ಮಿಷನ್ ಅನ್ನುವುದು ಸಾಫ್ಟ್‌ವೇರ್‌ನ ಹುಟ್ಟುಗುಣ ಅಲ್ಲ, ಜಾಲ ಕಟ್ಟುವವರು ಹಾಕುವ ಸೆಟ್ಟಿಂಗ್ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

‘ಎಲ್ಲರೂ ಪರಿಚಿತರು, ಹಾಗಾಗಿ ಯಾರೂ ಮೋಸ ಮಾಡೋಕಾಗಲ್ಲ’ ಅನ್ನುವ ಮಾತೂ ಅಷ್ಟೇ ಪೊಳ್ಳು. ಪರಿಚಿತರು ಸುಳ್ಳು ಹೇಳಲ್ವಾ? ನೋಡ್‌ಗಳು ಒಮ್ಮತಕ್ಕೆ ಬರಲು ಬಳಸುವ ರಾಫ್ಟ್ ಪದ್ಧತಿ ತಡೆದುಕೊಳ್ಳುವುದು ನಿಂತುಹೋದ ಮೆಷಿನ್ನನ್ನು, ಸುಳ್ಳು ಹೇಳುವ ಮೆಷಿನ್ನನ್ನಲ್ಲ. 5 ನೋಡ್‌ಗಳಲ್ಲಿ 2 ಕೆಟ್ಟು ನಿಂತರೂ ರಾಫ್ಟ್ ನಡೆಯುತ್ತದೆ. ಒಬ್ಬ ಸುಳ್ಳುಗಾರನನ್ನು ತಾಳಿಕೊಳ್ಳಲು ಬಿಎಫ್‌ಟಿ (ಬೈಜಾಂಟೈನ್ ಫಾಲ್ಟ್ ಟಾಲರೆನ್ಸ್) ಬಗೆಯ ಪದ್ಧತಿ ಬೇಕು, ಕನಿಷ್ಠ 4 ನೋಡ್ ಬೇಕು. ಇಬ್ಬರಾದರೆ 7. ಕೋರಂ, ಬೆಸುಗಳಲ್ಲಿ ಇದು ಫ್ಯಾಬ್ರಿಕ್‌ಗಿಂತ ಮೊದಲೇ ಇತ್ತು. ವ್ಯವಹಾರಗಳ ಸರದಿ ನಿರ್ಧರಿಸುವ ಫ್ಯಾಬ್ರಿಕ್‌ನ ಆರ್ಡರಿಂಗ್ ಸೇವೆಗೆ ಬಂದದ್ದು 2024ರ 3.0 ಆವೃತ್ತಿಯಲ್ಲಿ. ನಿಮ್ಮ ಜಾಲ ಇನ್ನೂ 2.x ಮೇಲಿದ್ದರೆ ಆ ಸೇವೆಯ ನೋಡ್‌ಗಳಾದ ಆರ್ಡರರ್‌ಗಳನ್ನು ಯಾರು ನಡೆಸುತ್ತಿದ್ದಾರೆ ಅಂತ ಒಮ್ಮೆ ವಿಚಾರಿಸಿ. ಎಲ್ಲವೂ ಒಂದೇ ಸಂಸ್ಥೆಯ ಕೈಯಲ್ಲಿದ್ದರೆ ಯಾವ ವ್ಯವಹಾರ ಮೊದಲು, ಯಾವುದು ಆಮೇಲೆ ಅನ್ನುವುದು ಆ ಸಂಸ್ಥೆ ಹೇಳಿದಂತೆ.